ತಿಲ್ದೆ ಎಲ್ಲಿ ಬೀಳುತ್ತದೆ: ಸಾರಗೋಸಾದ ಸಂಜೆ ತರಗತಿಯಿಂದ

ಸ್ಪ್ಯಾನಿಷ್ ಬರೆದಂತೆಯೇ ಓದುವ ಭಾಷೆ, ಕನ್ನಡದವರಿಗೆ ಅದು ನೀರು ಕುಡಿದಷ್ಟು ಸಲೀಸು ಎಂದು ಬೆಂಗಳೂರು ಬಿಡುವ ಮುನ್ನ ಹೇಳಿದವರು ಹಲವರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಕ್ಷರ ಕಂಡರೆ ಧ್ವನಿ ಇಂಥದ್ದೇ ಎನ್ನುವ ಶಿಸ್ತು ಇಂಗ್ಲಿಷಿಗಿಂತ ಇಲ್ಲಿ ಎಷ್ಟೋ ಪಾಲು ಹೆಚ್ಚು. ಉಳಿದರ್ಧವನ್ನು ಯಾರೂ ಹೇಳಲಿಲ್ಲ. ಧ್ವನಿಗಳೆಲ್ಲ ಗೊತ್ತಾದ ಮೇಲೂ ಪದವನ್ನು ಎಲ್ಲೆಲ್ಲಿ ಬಿಡಿಸಬೇಕು, ಬಿಡಿಸಿದ ತುಂಡುಗಳಲ್ಲಿ ಯಾವುದನ್ನು ಒತ್ತಿ ಹೇಳಬೇಕು ಎಂಬುದು ತಿಳಿಯದಿದ್ದರೆ ಎದುರಿನವರಿಗೆ ಪದ ಮುಟ್ಟುವುದೇ ಇಲ್ಲ. ಸ್ವರಗಳ ನೆತ್ತಿಯ ಮೇಲೆ ಓರೆಯಾಗಿ ಕುಳಿತಿರುವ ಆ ಸಣ್ಣ ಗೀಟು, ಇಲ್ಲಿಯವರು ತಿಲ್ದೆ ಎನ್ನುವುದು, ಅಲಂಕಾರಕ್ಕೆ ಹಾಕಿದ್ದಲ್ಲ.

ಗಾಳಿಯಂತ್ರಗಳ ನಿರ್ವಹಣೆಯ ಕೆಲಸದ ಮೇಲೆ ನಾನು ಬಂದಿಳಿದದ್ದು ಸಾರಗೋಸಾಕ್ಕೆ. ಸ್ಪೇನಿನ ಅರಗಾನ್ ಪ್ರಾಂತದ ರಾಜಧಾನಿ, ಎಬ್ರೊ ನದಿಯ ದಂಡೆಯ ಊರು. ವಾಯವ್ಯದಿಂದ ಬೀಸುವ ಇಲ್ಲಿನ ಒಣಗಾಳಿಗೆ ಥ್ಯೇರ್ಥೊ ಎಂದು ಹೆಸರು. ಚಿತ್ರದುರ್ಗದ ಗುಡ್ಡಗಳ ಮೇಲೆ ಕೆಲಸ ಮಾಡಿದವನನ್ನೂ ಅದು ನಿಂತಲ್ಲಿಂದ ಅಲುಗಿಸುತ್ತದೆ. ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. ಯಂತ್ರ ಹತ್ತಿ ಇಳಿಯುವ ತಂತ್ರಜ್ಞರ ನಡುವೆ ನಡೆಯುವುದಿಲ್ಲ. ಹಾಗಾಗಿ ಸರ್ಕಾರಿ ಭಾಷಾ ಶಾಲೆಯೊಂದರ ಸಂಜೆ ತರಗತಿಗೆ ಹೆಸರು ಬರೆಸಿದೆ. ಅಲ್ಲಿ ಅಧ್ಯಾಪಕಿಯನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯಬೇಕು. ಎಲ್ಲರೂ ಹಾಗೆಯೇ ಕರೆಯುತ್ತಾರೆ. ಕ್ರಿಯಾಪದಗಳ ರೂಪಗಳಿಗಿಂತ ಅದೇ ನನ್ನ ನಾಲಿಗೆಗೆ ಹೆಚ್ಚು ದಿನ ಹಿಡಿಸಲಿಲ್ಲ.

ಮುಂದಕ್ಕೆ ಹೋಗುವ ಮೊದಲು ಬರವಣಿಗೆಯ ಒಂದು ಏರ್ಪಾಟು ಹೇಳಿಬಿಡುತ್ತೇನೆ. ಸ್ಪ್ಯಾನಿಷಿನಲ್ಲಿ ಹ್ರಸ್ವ ದೀರ್ಘ ಎಂಬ ಭೇದವಿಲ್ಲ. ಆದ್ದರಿಂದ ಕೆಳಗೆ ಪದಗಳನ್ನು ಬಿಡಿಸಿ ಬರೆಯುವಾಗ ಒತ್ತು ಬೀಳುವ ತುಂಡಿನ ಸ್ವರವನ್ನು ದೀರ್ಘವಾಗಿಯೂ ಮಿಕ್ಕವನ್ನು ಹ್ರಸ್ವವಾಗಿಯೂ ಬರೆದಿದ್ದೇನೆ. ನನ್ನ ನೋಟುಬುಕ್ಕಿನಲ್ಲಿಯೂ ಹೀಗೆಯೇ ಇದೆ. ‘ಥ’ ಇರುವಲ್ಲೆಲ್ಲ ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಹೇಳಬೇಕು. ಇಲ್ಲಿಯವರು ತಮ್ಮ ಊರನ್ನೇ ಥ-ರ-ಗೋ-ಥ ಎನ್ನುತ್ತಾರೆ. ಕನ್ನಡ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಞಕಾರಕ್ಕೂ, ನಾವು ಕೈಬಿಟ್ಟ ಹಳಗನ್ನಡದ ಱಕಾರಕ್ಕೂ ನನ್ನ ನೋಟುಬುಕ್ಕಿನಲ್ಲಿ ಮತ್ತೆ ಉದ್ಯೋಗ ಸಿಕ್ಕಿತು. ಎಸ್-ಪಾ-ಞ ಎಂದರೆ ಸ್ಪೇನ್, ಪೇ-ಱೊ ಎಂದರೆ ನಾಯಿ.

ಮೊದಲ ಪಾಠ ಪದ ಬಿಡಿಸುವುದು. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರದ ಜೊತೆಗೆ: ಕಾ-ಸ, ಮೇ-ಸ. ಇದರಲ್ಲಿ ಹೇಳುವಂಥದ್ದೇನೂ ಇಲ್ಲ, ನಮ್ಮ ಲಿಪಿಯೇ ಹಾಗಿದೆ. ಎರಡು ವ್ಯಂಜನಗಳು ಒಟ್ಟಿಗೆ ಬಂದಾಗ ಮಾತ್ರ ಕನ್ನಡದ ಕಣ್ಣು ಅಡ್ಡ ಬರುತ್ತದೆ. ‘ಕಾರ್ತ’ ಎಂದು ಬರೆದರೆ ಅರ್ಕಾವತ್ತು ತಕಾರದ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ನೋಡುವವರಿಗೆ ಅದು ‘ಕಾ’ ಮತ್ತು ‘ರ್ತ’. ಸ್ಪ್ಯಾನಿಷಿನವರಿಗೆ ಅದು ಕಾರ್-ತ. ನನ್ನ ಬಳಿ ಇದಕ್ಕೊಂದು ಹಳೆಯ ಹತ್ಯಾರವಿತ್ತು. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕುವಾಗ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಬಾಯಿಪಾಠ ಮಾಡಿಸಿದ್ದರಲ್ಲ, ಅದೇ. ಯಾಕೆ ಗುರು ಎಂದು ಆಗ ಯಾರೂ ಕೇಳಲಿಲ್ಲ, ಮೇಷ್ಟರೂ ಹೇಳಲಿಲ್ಲ. ಒತ್ತಕ್ಷರದ ಮೊದಲ ವ್ಯಂಜನ ಉಚ್ಚಾರಣೆಯಲ್ಲಿ ಹಿಂದಕ್ಕೆ ಸರಿದು ಹಿಂದಿನ ಅಕ್ಷರವನ್ನು ಮುಚ್ಚುತ್ತದೆ, ಅದಕ್ಕೇ ಅಲ್ಲಿ ಎರಡು ಮಾತ್ರೆ. ಕಣ್ಣಿಗೆ ‘ಕರ್ತ’ ಎಂದು ಕಂಡರೂ ಕಿವಿಗೆ ಕರ್-ತ. ಸ್ಪ್ಯಾನಿಷ್ ಕಾಗದದ ಮೇಲೆ ಇಡುವುದು ಕಿವಿಯ ಲೆಕ್ಕವನ್ನು.

ಪ್ರಸ್ತಾರದ ಹಾದಿಯಲ್ಲೇ ಹೋದರೆ ಒಂದು ಕಡೆ ಮಾತ್ರ ದಾರಿ ತಪ್ಪುತ್ತದೆ. ಪುಸ್ತಕಕ್ಕೆ ಇಲ್ಲಿ ‘ಲಿಬ್ರೊ’. ನಮ್ಮ ಲೆಕ್ಕದಲ್ಲಿ ‘ಲಿ’ ಗುರು, ಅಂದರೆ ಲಿಬ್-ರೊ ಆಗಬೇಕು. ಆಗುವುದಿಲ್ಲ, ಅದು ಲೀ-ಬ್ರೊ. ಪ, ಬ, ತ, ದ, ಕ, ಗ, ಫ ಇವುಗಳ ಬೆನ್ನಿಗೆ ರೇಫ ಬಂದರೂ, ಪ, ಬ, ಕ, ಗ, ಫ ಇವುಗಳ ಬೆನ್ನಿಗೆ ಲಕಾರ ಬಂದರೂ ಜೋಡಿ ಒಡೆಯುವಂತಿಲ್ಲ. ಒಟ್ಟು ಹನ್ನೆರಡು ಜೋಡಿ. ಹಳಗನ್ನಡದ ಶಿಥಿಲದ್ವಿತ್ವ ನೆನಪಾಯಿತು: ಒತ್ತಕ್ಷರವಿದ್ದರೂ ಹಿಂದಿನದು ಗುರುವಾಗದ ಪ್ರಸಂಗ. ಅಲ್ಲಿನ ಜೋಡಿಗಳು ಬೇರೆ, ಇಲ್ಲಿನವು ಬೇರೆ. ಆದರೆ ರೇಫ ಲಕಾರಗಳು ಎಲ್ಲ ಭಾಷೆಗಳಲ್ಲೂ ನಿಯಮಕ್ಕೆ ಸ್ವಲ್ಪ ಸಡಿಲ ಎಂದು ಅಂದುಕೊಂಡು ಮುಂದೆ ಹೋದೆ.

ಸಕಾರದ ಗುಣ ಇನ್ನೊಂದು ಬಗೆ. ವ್ಯಂಜನದ ಮುಂದೆ ಅದು ತುಂಡಿನ ಆರಂಭಕ್ಕೆ ಯಾವತ್ತೂ ಬರುವುದಿಲ್ಲ, ಹಿಂದಕ್ಕೇ ಅಂಟಿಕೊಳ್ಳುತ್ತದೆ. ಶಾಲೆ ಎಸ್-ಕ್ವೇ-ಲ, ನಿಲ್ದಾಣ ಎಸ್-ತ-ಥ್ಯೋನ್. ಇಸ್ಕೂಲು, ಇಸ್ಟೇಷನ್ನು ಎನ್ನುತ್ತಿದ್ದ ನಮ್ಮ ಅಜ್ಜಿಗೆ ಈ ಪಾಠ ಹೇಳಿಕೊಡಬೇಕಾಗಿರಲಿಲ್ಲ. ಕೊನ್ಸ್-ತ್ರುಕ್-ಥ್ಯೋನ್ ಎನ್ನುವಲ್ಲಿ ನಾಲ್ಕು ವ್ಯಂಜನಗಳು ಸಾಲಾಗಿ ನಿಂತಿದ್ದರೂ ಗೊಂದಲವಿಲ್ಲ: ಒಡೆಯದ ಜೋಡಿ ಮುಂದಕ್ಕೆ, ಮಿಕ್ಕದ್ದು ಹಿಂದಕ್ಕೆ.

ವ್ಯಂಜನಗಳ ಕತೆ ಅಷ್ಟೇ. ನಿಜವಾದ ಕೆಲಸವಿರುವುದು ಸ್ವರಗಳಲ್ಲಿ.

ಅ, ಎ, ಒ ಬಲವಾದ ಸ್ವರಗಳು. ಇ, ಉ ದುರ್ಬಲ ಸ್ವರಗಳು. ಬಲವಾದವು ಎರಡು ಎದುರಾದರೆ ಬೇರೆ ಬೇರೆ ತುಂಡುಗಳಲ್ಲಿ ಕೂರುತ್ತವೆ. ಬಲವಾದದ್ದರ ಪಕ್ಕ ದುರ್ಬಲವಾದದ್ದು ಬಂದರೆ, ಅಥವಾ ದುರ್ಬಲವಾದವೇ ಎರಡು ಸೇರಿದರೆ, ಒಂದೇ ತುಂಡು. ಅಧ್ಯಾಪಕಿ ಇದನ್ನು ಹಲಗೆಯ ಮೇಲೆ ಬರೆದಾಗ ತರಗತಿಯಲ್ಲಿ ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಇ ಮತ್ತು ಉ ಮಾಡಿದ ಪಾಪವೇನು ಎಂಬುದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ಉತ್ತರ ಸಿಕ್ಕಿದ್ದು ಯಣ್ ಸಂಧಿಯಲ್ಲಿ. ಅತಿ, ಅಂತ ಸೇರಿ ಅತ್ಯಂತ. ಮನು, ಅಂತರ ಸೇರಿ ಮನ್ವಂತರ. ಇಕಾರ ಯಕಾರವಾಗಿ, ಉಕಾರ ವಕಾರವಾಗಿ ಕರಗಿ ಒತ್ತಕ್ಷರವಾಗಿ ಪಕ್ಕದ ಸ್ವರಕ್ಕೆ ಸೇರಿಬಿಡುತ್ತವೆ. ಅಕಾರಕ್ಕೋ ಒಕಾರಕ್ಕೋ ಆ ವಿದ್ಯೆ ಬಾರದು. ಸ್ಪ್ಯಾನಿಷಿನ ‘ದುರ್ಬಲ’ ಎಂದರೆ ಇಷ್ಟೇ: ಕರಗಬಲ್ಲ ಸ್ವರ.

ಇದು ಹೊಳೆದ ಮೇಲೆ ಕನ್ನಡ ಲಿಪಿಯೇ ನನ್ನ ಪರೀಕ್ಷಾಯಂತ್ರವಾಯಿತು. ಬಂದರಿಗೆ ‘ಪ್ವೇರ್-ತೊ’, ಉಕಾರ ವಕಾರದ ಒತ್ತಾಗಿದೆ, ಎರಡೇ ತುಂಡು. ಇದನ್ನು ‘ಪುವೆರ್ತೊ’ ಎಂದು ಬಿಡಿಸಿ ಬರೆದರೆ ಮೂರಾಗುತ್ತದೆ. ಹಾಗೆ ಬರೆಯುವ ಚಾಳಿ ನಮಗೆಲ್ಲ ಇದ್ದೇ ಇದೆ, ಏಕೆಂದರೆ ಎರಡು ಸ್ವರಗಳು ಅಕ್ಕಪಕ್ಕ ನಿಲ್ಲುವುದನ್ನು ಕನ್ನಡ ಸಹಿಸುವುದಿಲ್ಲ. ಮನೆಯನ್ನು, ಗುರುವನ್ನು ಎಂದು ನಡುವೆ ಯಕಾರವನ್ನೋ ವಕಾರವನ್ನೋ ತಂದು ಕೂರಿಸುತ್ತದೆ. ಆಗಮ ಸಂಧಿಯಲ್ಲಿ ಸ್ವರ ಉಳಿಯುತ್ತದೆ, ತುಂಡಿನ ಎಣಿಕೆ ಕಡಿಮೆಯಾಗುವುದಿಲ್ಲ; ಯಣ್ ಸಂಧಿಯಲ್ಲಿ ಸ್ವರ ಹೋಗುತ್ತದೆ, ಒಂದು ತುಂಡು ಕಡಿಮೆಯಾಗುತ್ತದೆ. ಗಂಡಸಿನ ಹೆಸರು ಮಾ-ರ್ಯೊ, ಎರಡು ತುಂಡು, ಯಣ್. ಹೆಂಗಸಿನ ಹೆಸರು ಮ-ರೀ-ಅ, ಮೂರು ತುಂಡು, ಆಗಮವಾಗಬೇಕಾದ ಜಾಗ. ಎರಡನೆಯದರಲ್ಲಿ ಇಕಾರದ ನೆತ್ತಿಯ ಮೇಲೆ ತಿಲ್ದೆ ಇರುತ್ತದೆ. ಇಲ್ಲಿ ಯಣ್ ಮಾಡಬೇಡಿ ಎಂಬ ಫಲಕ ಅದು. ಜೋಳಕ್ಕೆ ಮ-ಈಥ್, ದೇಶಕ್ಕೆ ಪ-ಈಸ್, ಎರಡರಲ್ಲೂ ಇಕಾರದ ಮೇಲೆ ತಿಲ್ದೆ. ಅದೇ ಅಕ್ಷರಗಳು ತಿಲ್ದೆಯಿಲ್ಲದೆ ಬಂದಾಗ ಐಕಾರ: ಪೈ-ಸಾ-ಹೆ, ಭೂದೃಶ್ಯ. ಉ-ರು-ಗ್ವಾಯ್ ಎಂಬ ದೇಶದ ಹೆಸರಿನ ಕೊನೆಯಲ್ಲಿ ಮೂರು ಸ್ವರಗಳು ಒಂದೇ ತುಂಡಿನಲ್ಲಿ ತೂರಿಕೊಂಡಿವೆ. ಬಲವಾದ ಅಕಾರ ನಡುವೆ, ಎರಡೂ ಬದಿಗೆ ಕರಗಿದ ಸ್ವರಗಳು. ಲ್ಯಾಟಿನ್ ಲಿಪಿಯಲ್ಲಿ ಗಂಟೆಗಟ್ಟಲೆ ವಿವರಿಸಬೇಕಾದದ್ದನ್ನು ಕನ್ನಡದ ಒತ್ತಕ್ಷರ ಒಂದೇ ನೋಟಕ್ಕೆ ತೋರಿಸುತ್ತದೆ. ಪಕ್ಕದಲ್ಲಿ ಕೂರುತ್ತಿದ್ದ ರುಮೇನಿಯಾದ ಸಹಪಾಠಿಗೆ ನನ್ನ ನೋಟುಬುಕ್ಕು ತೋರಿಸಿದಾಗ ಆಕೆಗೆ ಕಂಡದ್ದು ಸುರುಳಿಗಳು ಮಾತ್ರ. ಅದು ಬೇರೆ ಮಾತು.

‘ಎಚ್’ ಅಕ್ಷರದ ಬಗ್ಗೆ ಒಂದು ಸಾಲು. ಬರವಣಿಗೆಯಲ್ಲಿರುವ ‘ಎಚ್’ ಸ್ಪ್ಯಾನಿಷಿನಲ್ಲಿ ಮೂಕ. ಎರಡು ಸ್ವರಗಳ ನಡುವೆ ನಿಂತರೂ ಅದು ಗೋಡೆಯಲ್ಲ. ಗೋಡೆಗೋಡೆಯ ಮೇಲೂ ಕಾಣುವ ‘ನಿಷೇಧಿಸಲಾಗಿದೆ’ ಎಂಬ ಪದ ಕಾಗುಣಿತದ ಲೆಕ್ಕದಲ್ಲಿ ಪ್ರೊಯ್-ಬೀ-ದೊ, ಮೂರೇ ತುಂಡು.

ನನ್ನ ಕಸುಬಿನ ಪದಗಳೇ ಒಳ್ಳೆಯ ಅಭ್ಯಾಸಪಾಠವಾದವು. ಗಾಳಿಯಂತ್ರಕ್ಕೆ ಅ-ಎ-ರೊ-ಹೆ-ನೆ-ರ-ದೋರ್, ಏಳು ತುಂಡು. ಗಾಳಿಗೆ ಸಂಬಂಧಿಸಿದ್ದು ಎ-ಓ-ಲಿ-ಕೊ. ಗೋಪುರದ ತುದಿಯಲ್ಲಿ ಜನರೇಟರ್ ಕೂತಿರುವ ಡಬ್ಬಿಗೆ ಗೋನ್-ದೊ-ಲ. ಬೆಳಿಗ್ಗೆ ಕಾರಿನಲ್ಲಿ ಹೋಗುವಾಗ ಇವನ್ನು ಸ್ಟೀರಿಂಗಿನ ಮೇಲೆ ಬೆರಳಿನಿಂದ ತಟ್ಟುತ್ತಾ ಹೇಳಿಕೊಳ್ಳುತ್ತಿದ್ದೆ.

ತಟ್ಟುವುದು ಬೇಗ ಬಂತು. ತಟ್ಟಿದ್ದರಲ್ಲಿ ಯಾವುದು ಜೋರು ಎಂಬುದು ಬರಲಿಲ್ಲ. ಇಲ್ಲಿಗೆ ಬಂದಾಗ ನನ್ನ ವ್ಯಾಕರಣದ ಗಂಟು ಖಾಲಿಯಾಯಿತು. ಕನ್ನಡದಲ್ಲಿ ಒತ್ತಿನ ಜಾಗ ಬದಲಾದರೆ ಅರ್ಥ ಬದಲಾಗುವುದಿಲ್ಲ. ಬದಲಾಗುವುದು ಹ್ರಸ್ವ ದೀರ್ಘ ಬದಲಾದಾಗ. ಆದ್ದರಿಂದ ಒತ್ತನ್ನು ಕೇಳಿಸಿಕೊಳ್ಳುವ ಅಗತ್ಯ ನಮ್ಮ ಕಿವಿಗೆ ಎಂದೂ ಬಿದ್ದೇ ಇಲ್ಲ. ಇಂಗ್ಲಿಷಿನಲ್ಲಿಯೂ ಒತ್ತು ಇದೆಯಲ್ಲ ಎನ್ನಬಹುದು. ಇಂಗ್ಲಿಷರು ಒತ್ತಿಲ್ಲದ ಸ್ವರವನ್ನು ನುಂಗಿಬಿಡುತ್ತಾರೆ, ಹಾಗಾಗಿ ಮಿಕ್ಕದ್ದು ತಾನಾಗಿ ಎದ್ದು ಕಾಣುತ್ತದೆ. ಸ್ಪ್ಯಾನಿಷಿನಲ್ಲಿ ಒತ್ತು ಇರಲಿ ಬಿಡಲಿ, ಪ್ರತಿ ಸ್ವರವೂ ತನ್ನ ಬಣ್ಣ ಉಳಿಸಿಕೊಂಡೇ ಇರುತ್ತದೆ. ಒತ್ತು ಬಿದ್ದಲ್ಲಿ ಧ್ವನಿಯ ಏರಿಳಿತ, ಬಿಗಿ, ಕಾಲ ಮೂರೂ ಕೊಂಚ ಕೊಂಚ ಹೆಚ್ಚುತ್ತವೆ. ಕೊಂಚ ಮಾತ್ರ.

ಒತ್ತು ಎಲ್ಲಿದೆ ಎಂದು ತಿಳಿಯಬೇಕಾದರೆ ಬೀದಿಯ ಆಚೆ ಬದಿಯಲ್ಲಿರುವವರನ್ನು ಕರೆಯುವಂತೆ ಪದವನ್ನು ಕೂಗಿ, ಎಲ್ಲಿ ಎಳೆಯುತ್ತೀರೋ ಅಲ್ಲೇ ಒತ್ತು ಎಂಬುದು ಅಧ್ಯಾಪಕಿಯ ಉಪಾಯ. ಸ್ಪೇನಿನ ಮಕ್ಕಳಿಗೆ ಇದು ಸರಿಹೊಂದುತ್ತದೇನೋ. ಕನ್ನಡಿಗ ಕೂಗಿದರೆ ಎಳೆಯುವುದು ಕೊನೆಯ ಅಕ್ಷರವನ್ನು: ಅಮ್ಮಾ, ರಾಮಾ, ಶಿವಣ್ಣಾ. ಅಂಗಿಗೆ ಇಲ್ಲಿ ಕ-ಮೀ-ಸ. ನಾನು ಕೂಗಿದಾಗ ಕಮಿಸಾ ಎಂದು ಕೊನೆಗೆ ಹೋಯಿತು. ಫ್ರೆಂಚ್ ಕಲಿತು ಬಂದಿದ್ದ ಸೆನೆಗಲ್‌ನ ಯುವಕನದೂ ಅದೇ ಗತಿ, ಫ್ರೆಂಚಿನಲ್ಲಿ ಭಾರವೆಲ್ಲ ಪದಗುಚ್ಛದ ಕೊನೆಗೇ. ರುಮೇನಿಯಾದವರು ಮಾತ್ರ ಆರಾಮವಾಗಿ ಕುಳಿತಿದ್ದರು. ಅವರ ಭಾಷೆಯಲ್ಲಿ ಒತ್ತು ಪದದಿಂದ ಪದಕ್ಕೆ ಜಾಗ ಬದಲಿಸುತ್ತದೆ, ಕಿವಿ ಆಗಲೇ ಪಳಗಿದೆ.

ನನಗೆ ಕೆಲಸಕ್ಕೆ ಬಂದ ಉಪಾಯ ಬೇರೆ. ಪದದ ಎಲ್ಲ ತುಂಡುಗಳನ್ನೂ ತೆಗೆದುಹಾಕಿ, ಎಲ್ಲದರ ಬದಲಿಗೆ ತಕಾರ ಇಟ್ಟು ಗುನುಗುವುದು. ಮೂರು ತುಂಡಿನ ಪದವಾದರೆ ತಾತತ, ತತಾತ, ತತತಾ. ಅರ್ಥದ ಗೊಡವೆಯಿಲ್ಲದ್ದರಿಂದ ಕಿವಿಗೆ ಲಯ ಒಂದೇ ಉಳಿಯುತ್ತದೆ. ಇದಕ್ಕೆ ಪಾಠದ ಪ್ರಸಿದ್ಧ ಮೂವರು ಸಹೋದರರು ಹೇಳಿ ಮಾಡಿಸಿದಂತಿದ್ದರು. ತೇರ್-ಮಿ-ನೊ ಎಂದರೆ ಪದ ಅಥವಾ ಗಡಿ. ತೆರ್-ಮೀ-ನೊ ಎಂದರೆ ನಾನು ಮುಗಿಸುತ್ತೇನೆ. ತೆರ್-ಮಿ-ನೋ ಎಂದರೆ ಅವನು ಮುಗಿಸಿದ. ಅಕ್ಷರಗಳು ಅವೇ. ಭಗಣ, ಜಗಣ, ಸಗಣ ಎಂದು ನೋಟುಬುಕ್ಕಿನ ಅಂಚಿನಲ್ಲಿ ಬರೆದುಕೊಂಡೆ. ಬರೆದುಕೊಂಡ ಮರುಕ್ಷಣವೇ ಮನಸ್ಸಿನೊಳಗಿನ ಹೈಸ್ಕೂಲ್ ವಿದ್ಯಾರ್ಥಿ ಆಕ್ಷೇಪ ಎತ್ತಿದ: ‘ತೆರ್’ ಮುಚ್ಚಿದ ತುಂಡು, ಮೂರೂ ಪದಗಳಲ್ಲಿ ಅದು ಗುರುವೇ ಆಗಬೇಕಲ್ಲ? ಆಕ್ಷೇಪ ಸರಿ. ಗುರು ಬೇರೆ, ಒತ್ತು ಬೇರೆ. ಇಮ್-ಪೊರ್-ತಾನ್-ತೆ ಎಂಬಲ್ಲಿ ಗುರುಗಳು ಸಾಲಾಗಿ ಮೂವರಿದ್ದರೂ ಒತ್ತು ಮೂರನೆಯದಕ್ಕೆ ಮಾತ್ರ. ಬಿಡಿಸುವಾಗ ಪ್ರಸ್ತಾರ ಎಷ್ಟು ನೆರವಾಯಿತೋ ಒತ್ತು ಹುಡುಕುವಾಗ ಅಷ್ಟೇ ಕಾಟ ಕೊಟ್ಟಿತು. ಮುಚ್ಚಿದ ತುಂಡು ಕಂಡಲ್ಲೆಲ್ಲ ಭಾರ ಹೊರಿಸುವ ಅಭ್ಯಾಸವನ್ನು ಬಿಡಿಸಿಕೊಳ್ಳಲು ಒಂದು ಚಳಿಗಾಲವೇ ಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ತಿಲ್ದೆಯ ನಿಯಮಕ್ಕೆ ಬಂದರೆ ಅದು ಆಶ್ಚರ್ಯವಾಗುವಷ್ಟು ಚಿಕ್ಕದು. ಪದ ಸ್ವರದಲ್ಲೋ, ‘ಎನ್’ ಅಥವಾ ‘ಎಸ್’ ಅಕ್ಷರದಲ್ಲೋ ಮುಗಿದರೆ ಒತ್ತು ಕೊನೆಯಿಂದ ಎರಡನೆಯ ತುಂಡಿಗೆ. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ತುಂಡಿಗೆ. ಈ ನಿರೀಕ್ಷೆಯಂತೆ ನಡೆಯುವ ಪದಕ್ಕೆ ಗುರುತು ಬೇಡ, ನಡೆಯದ ಪದಕ್ಕೆ ತಿಲ್ದೆ. ‘ಎನ್’, ‘ಎಸ್’ ಎರಡಕ್ಕೇ ಯಾಕೆ ಈ ವಿನಾಯಿತಿ ಎಂದು ಕೇಳಿದೆ. ಬಹುವಚನಗಳು ‘ಎಸ್’ನಲ್ಲಿ ಮುಗಿಯುತ್ತವೆ, ‘ಅವರು ಹಾಡುತ್ತಾರೆ’ ಎಂಬಂಥ ರೂಪಗಳು ‘ಎನ್’ನಲ್ಲಿ ಮುಗಿಯುತ್ತವೆ, ಅವಳು ಹಾಡುತ್ತಾಳೆ ಕಾನ್-ತ, ನೀನು ಹಾಡುತ್ತೀಯ ಕಾನ್-ತಸ್, ಅವರು ಹಾಡುತ್ತಾರೆ ಕಾನ್-ತನ್. ಒತ್ತು ಅಲುಗುವುದಿಲ್ಲ, ಹಾಗಾಗಿ ಒಂದಕ್ಕೂ ತಿಲ್ದೆ ಖರ್ಚಾಗುವುದಿಲ್ಲ. ಶಾಯಿ ಉಳಿಸುವ ಏರ್ಪಾಟು. ಎಂಜಿನಿಯರನಾದ ನನಗೆ ಈ ಜಿಪುಣತನ ಬಹಳ ಹಿಡಿಸಿತು.

ಒತ್ತು ಕೊನೆಗೆ ಬಿದ್ದರೆ ಅಂಥ ಪದ ಅಗುದಾ, ಕೊನೆಯಿಂದ ಎರಡನೆಯದಕ್ಕಾದರೆ ಯಾನಾ, ಮೂರನೆಯದಕ್ಕಾದರೆ ಎಸ್ದ್ರೂಹುಲಾ. ಅದರಾಚೆಗೂ ಹೋದರೆ ಸೊಬ್ರೆಸ್ದ್ರೂಹುಲಾ. ಮೂರನೆಯದಕ್ಕೂ ಅದರಾಚೆಗೂ ತಿಲ್ದೆ ಕಡ್ಡಾಯ, ಯೋಚಿಸುವ ಕೆಲಸವಿಲ್ಲ.

ಪುಸ್ತಕ ಮುಚ್ಚಿಟ್ಟು ಇದನ್ನೆಲ್ಲ ನಾನು ಗಟ್ಟಿ ಮಾಡಿಕೊಂಡದ್ದು ಟ್ರಾಮಿನಲ್ಲಿ. ಸಾರಗೋಸಾದಲ್ಲಿ ಟ್ರಾಮ್ ಮತ್ತೆ ಓಡಲು ಶುರುವಾದದ್ದು 2011ರಲ್ಲಿ. ಇರುವುದು ಒಂದೇ ಮಾರ್ಗ, ಊರನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುತ್ತದೆ. ಪ್ರೋಕ್-ಸಿ-ಮ ಪ-ರಾ-ದ, ಮುಂದಿನ ನಿಲ್ದಾಣ, ಎಂದು ಮುದ್ರಿತ ಧ್ವನಿ ಶುರುಮಾಡುತ್ತಿದ್ದಂತೆ ಒಂದು ಎಸ್ದ್ರೂಹುಲಾ, ಒಂದು ಯಾನಾ ಸಿಕ್ಕಿತು. ನಂತರ ಬರುವ ಹೆಸರುಗಳನ್ನು ಯಾರೋ ವ್ಯಾಕರಣ ಪಂಡಿತರೇ ಇಟ್ಟಿರಬೇಕು ಎನ್ನುವಷ್ಟು ಸೊಗಸು. ಪಿ-ಲಾರ್: ‘ಆರ್’ನಲ್ಲಿ ಮುಗಿದು ಒತ್ತು ಕೊನೆಗಿದೆ, ನಿರೀಕ್ಷೆಯಂತೆಯೇ, ತಿಲ್ದೆ ಇಲ್ಲ. ಮುಂದಿನದೇ ಥೇ-ಸರ್ ಔ-ಗೂಸ್-ತೊ. ‘ಥೇಸರ್’ ಕೂಡ ‘ಆರ್’ನಲ್ಲೇ ಮುಗಿಯುತ್ತದೆ, ಆದರೆ ಒತ್ತು ಮೊದಲಿಗೆ, ನಿರೀಕ್ಷೆ ಮುರಿಯಿತು, ತಿಲ್ದೆ ಬಂತು. ರೋಮನ್ ಚಕ್ರವರ್ತಿ ಅಗಸ್ಟಸ್ ಸೀಸರನ ಹೆಸರದು, ಊರಿನ ಹೆಸರು ಹುಟ್ಟಿದ್ದೂ ಅವನಿಂದಲೇ. ಪ್ಲಾ-ಥ ಅ-ರ-ಗೋನ್: ‘ಎನ್’ನಲ್ಲಿ ಮುಗಿದೂ ಒತ್ತು ಕೊನೆಗೆ, ತಿಲ್ದೆ. ಗ್ರಾನ್ ಬೀ-ಅ: ಯಣ್ ನಿಷೇಧ, ತಿಲ್ದೆ. ಫೆರ್-ನಾನ್-ದೊ ಎಲ್ ಕ-ತೋ-ಲಿ-ಕೊ: ಎಸ್ದ್ರೂಹುಲಾ, ಕಣ್ಣು ಮುಚ್ಚಿ ತಿಲ್ದೆ. ಎಮ್-ಪೆ-ರ-ದೋರ್ ಕಾರ್-ಲೊಸ್: ಎರಡೂ ಪದ ಹೇಳಿದಂತೆ ಕೇಳುತ್ತವೆ. ರೊ-ಮ-ರೇ-ದ ಬರುವಷ್ಟರಲ್ಲಿ ಇಡೀ ಅಧ್ಯಾಯ ಮುಗಿದಿರುತ್ತಿತ್ತು. ಧ್ವನಿ ಕೇಳಿದೊಡನೆ ತಿಲ್ದೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸಿ, ಆಮೇಲೆ ಕಿಟಕಿಯಿಂದ ನಿಲ್ದಾಣದ ಫಲಕ ನೋಡಿ ತಾಳೆ ಹಾಕುವುದು. ಅಂಗಡಿಗಳ ಫಲಕಗಳನ್ನು ಮಾತ್ರ ನಂಬಬಾರದು. ದೊಡ್ಡಕ್ಷರಗಳಲ್ಲಿ ಬರೆದಾಗ ತಿಲ್ದೆ ಬೇಡ ಎಂಬ ತಪ್ಪುಕಲ್ಪನೆ ಇಲ್ಲಿ ಬೇರೂರಿದೆ. ನಿಯಮದ ಪ್ರಕಾರ ದೊಡ್ಡಕ್ಷರಕ್ಕೂ ಬೇಕು.

ತಿಲ್ದೆ ಬಿಟ್ಟರೆ ಆಗುವುದೇನು ಎಂಬುದನ್ನು ಕೆಲಸದ ಸ್ಥಳ ಕಲಿಸಿತು. ತಂತ್ರಜ್ಞರು ಮೊಬೈಲಿನಲ್ಲಿ ಕಳಿಸುವ ಸಂದೇಶಗಳಲ್ಲಿ ತಿಲ್ದೆಗೆ ಜಾಗವಿಲ್ಲ, ಕೈಗವಸು ತೊಟ್ಟವರಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಬ್ಯಾಟರಿ, ಬೇರಿಂಗು, ಫಿಲ್ಟರು ಯಾವುದೇ ಇರಲಿ, ಕಾಮ್-ಬ್ಯೊ ಎಂದರೆ ‘ಬದಲಿಸುತ್ತೇನೆ’, ಕಮ್-ಬ್ಯೋ ಎಂದರೆ ‘ಅವನು ಬದಲಿಸಿದ’. ಸಂದೇಶದಲ್ಲಿ ಎರಡೂ ಒಂದೇ. ಕೆಲಸ ಆಗಿದೆಯೋ ಆಗಬೇಕೋ ಎಂದು ತಿಳಿಯಲು ಫೋನ್ ಮಾಡಲೇಬೇಕು; ಫೋನಿನಲ್ಲಿ ಕಿವಿ ಚುರುಕಾಗಿರಲೇಬೇಕು. ಇದೇ ಜಾತಿಯ ಇನ್ನೊಂದು ಮೂವರ ತಂಡ ಇನ್ನೂ ಸೊಗಸು, ಅದರಲ್ಲಿ ಒತ್ತಿನ ಜೊತೆಗೆ ತುಂಡುಗಳ ಎಣಿಕೆಯೂ ಬದಲಾಗುತ್ತದೆ: ಕೊನ್-ತೀ-ನ್ವೊ, ನಿರಂತರ, ಕೊನ್-ತಿ-ನೂ-ಒ, ನಾನು ಮುಂದುವರಿಸುತ್ತೇನೆ, ಕೊನ್-ತಿ-ನ್ವೋ, ಅವನು ಮುಂದುವರಿಸಿದ. ಮೊದಲನೆಯದು ಮೂರನೆಯದು ಯಣ್, ನಡುವಿನದು ಅಲ್ಲ. ಬಿಡಿಸದೆ ಒತ್ತು ಹುಡುಕಲು ಹೋದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಪದ ಬೆಳೆದಾಗ ತಿಲ್ದೆ ಬರುವುದೂ ಹೋಗುವುದೂ ಇದೇ ಲೆಕ್ಕದಿಂದ. ಯುವಕ ಹೋ-ಬೆನ್, ತಿಲ್ದೆ ಇಲ್ಲ. ಯುವಕರು ಹೋ-ಬೆ-ನೆಸ್, ಈಗ ಒತ್ತು ಕೊನೆಯಿಂದ ಮೂರನೆಯದಕ್ಕೆ, ತಿಲ್ದೆ ಬೇಕು. ಹಾಡು ಕನ್-ಥ್ಯೋನ್, ತಿಲ್ದೆ ಇದೆ. ಹಾಡುಗಳು ಕನ್-ಥ್ಯೋ-ನೆಸ್, ಅದು ಕಳಚಿತು. ಎರಡೂ ಕಡೆ ಒತ್ತು ಕದಲಿಲ್ಲ, ಬಾಲ ಮಾತ್ರ ಉದ್ದವಾಯಿತು. ಬಹುವಚನದಲ್ಲಿ ಒತ್ತೇ ಜಾಗ ಬಿಟ್ಟು ಓಡುವ ಪುಂಡ ಪದಗಳೂ ಕೆಲವು ಇವೆ. ರೇ-ಹಿ-ಮೆನ್ ಎಂಬುದು ರೆ-ಹೀ-ಮೆ-ನೆಸ್ ಆಗುತ್ತದೆ, ಕ-ರಾಕ್-ತೆರ್ ಎಂಬುದು ಕ-ರಕ್-ತೇ-ರೆಸ್. ಅವನ್ನು ಬಾಯಿಪಾಠ ಮಾಡುವುದಷ್ಟೇ.

ನಿಯಮಗಳ ಒಡೆಯರು ಮಾದ್ರಿದ್‌ನಲ್ಲಿದ್ದಾರೆ. ಸ್ಪೇನಿನ ರಾಯಲ್ ಭಾಷಾ ಅಕಾಡೆಮಿ ಸ್ಥಾಪನೆಯಾದದ್ದು 1713ರಲ್ಲಿ. ಅದು ಇತರ ದೇಶಗಳ ಅಕಾಡೆಮಿಗಳೊಂದಿಗೆ ಸೇರಿ 2010ರಲ್ಲಿ ಹೊರತಂದ ಕಾಗುಣಿತ ಗ್ರಂಥ ಕೆಲವು ತಿಲ್ದೆಗಳನ್ನು ಕಿತ್ತುಹಾಕಿತು. ಚಿತ್ರಕಥೆಗೂ ಅಡ್ಡಗೆರೆಗೂ ಹೇಳುವ ಪದ ಕಾಗುಣಿತದ ಲೆಕ್ಕದಲ್ಲಿ ಒಂದೇ ತುಂಡು, ಗ್ಯೋನ್, ಆದ್ದರಿಂದ ತಿಲ್ದೆ ಬೇಡ ಎಂಬುದು ಅದರ ತೀರ್ಪು. ನಮ್ಮ ಅಧ್ಯಾಪಕಿ ಅದನ್ನು ಗಿ-ಓನ್ ಎಂದು ಎರಡು ತುಂಡಾಗಿಯೇ ಹೇಳುತ್ತಾರೆ. ಹಲಗೆಯ ಮೇಲೆ ತಿಲ್ದೆ ಹಾಕಿ, ಪರೀಕ್ಷೆಯಲ್ಲಿ ನೀವು ಹಾಕಬೇಡಿ ಎಂದು ನಕ್ಕರು. ‘ಕೇವಲ’ ಎಂಬರ್ಥದ ಸೋ-ಲೊ ಪದದ ತಿಲ್ದೆಯ ಜಗಳವಂತೂ ಪತ್ರಿಕೆಗಳ ಮುಖಪುಟದವರೆಗೂ ಹೋಯಿತು. ‘ಒಂಟಿ’ ಎಂಬರ್ಥದ ಸೋ-ಲೊ ಜೊತೆ ಗೊಂದಲವಾಗುತ್ತದೆಂದು ಬರಹಗಾರರು ಪಟ್ಟು ಹಿಡಿದರು. 2023ರಲ್ಲಿ ಅಕಾಡೆಮಿ, ಬರೆಯುವವರಿಗೆ ಅಲ್ಲಿ ಗೊಂದಲ ಕಂಡರೆ ಹಾಕಿಕೊಳ್ಳಬಹುದು ಎಂದು ಮಾತನ್ನು ಸಡಿಲಿಸಿತು. ಬಿಡಿಸುವುದರಲ್ಲೂ ಎಲ್ಲರಿಗೂ ಒಮ್ಮತವಿಲ್ಲ. ಕ್ರೀಡಾಪಟುವನ್ನು ಸ್ಪೇನಿನ ಬಹುಭಾಗದಲ್ಲಿ ಅತ್-ಲೇ-ತ ಎಂದು ಬಿಡಿಸಿದರೆ ಮೆಕ್ಸಿಕೊದವರು ಅ-ತ್ಲೇ-ತ ಎನ್ನುತ್ತಾರೆ. ಅವರ ನೆಲದ ನಾವಾತ್ಲ್ ಭಾಷೆಯ ಹೆಸರುಗಳಲ್ಲಿ ‘ತ್ಲ’ ಧಾರಾಳ: ತ್ಲಸ್-ಕಾ-ಲ ಎಂಬ ರಾಜ್ಯ, ಪೊ-ಪೊ-ಕ-ತೇ-ಪೆತ್ಲ್ ಎಂಬ ಜ್ವಾಲಾಮುಖಿ. ನಾಲಿಗೆಗೆ ಒಗ್ಗಿದ ಜೋಡಿಯನ್ನು ಅವರು ಯಾಕೆ ಒಡೆದಾರು? ಎರಡೂ ಸರಿ ಎಂದು ಅಕಾಡೆಮಿ ಒಪ್ಪಿದೆ.

ಪರೀಕ್ಷೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಬರೆಯುವ ಭಾಗದಲ್ಲಿ ತಿಲ್ದೆಗಳು ನೆಟ್ಟಗೆ ಬಿದ್ದವು. ಮಾತಿನ ಭಾಗದಲ್ಲಿ, ಒತ್ತು ಸರಿಯಾದ ಜಾಗದಲ್ಲೇ ಬೀಳುತ್ತದೆ, ಆದರೆ ಅಲ್ಲಿ ನೀವು ಹಾಡುತ್ತೀರಿ ಎಂದರು ಪರೀಕ್ಷಕರು. ದೀರ್ಘದ ಮೂಲಕ ಒತ್ತು ಕಲಿತದ್ದಕ್ಕೆ ತೆತ್ತ ಬೆಲೆ ಅದು. ತೆರಬಹುದಾದ ಬೆಲೆಯೇ.

ಕಿವಿ ಪಳಗಿತು ಎಂಬುದಕ್ಕೆ ಪುರಾವೆ ಸಿಕ್ಕಿದ್ದು ಪರೀಕ್ಷೆಯಲ್ಲಲ್ಲ. ನಮ್ಮ ಮಹಡಿಯಲ್ಲೇ ಇರುವ ಹಿರಿಯರೊಬ್ಬರು ಹಳ್ಳಿಯ ಕಡೆಯವರು, ಕಂಡವರನ್ನೆಲ್ಲ ಅರಗಾನಿನ ರೂಢಿಯಂತೆ ‘ಮಾಞೊ’ ಎಂದು ಕರೆಯುವವರು. ಮೊಣಕಾಲು ನೋವೆಂದು ‘ಮೆ-ದೀ-ಕೊ’ ಹತ್ತಿರ ಹೋಗಿ ಬಂದೆ ಎಂದರು ಒಂದು ದಿನ ಲಿಫ್ಟಿನಲ್ಲಿ. ವೈದ್ಯ ಮೇ-ದಿ-ಕೊ ಅಲ್ಲವೇ, ಒತ್ತು ಒಂದು ತುಂಡು ಮುಂದಕ್ಕೆ ಜಾರಿದೆಯಲ್ಲ ಎಂದು ನನ್ನ ಕಿವಿ ತಟ್ಟನೆ ಹಿಡಿಯಿತು. ತತಾತ ಹಾಕಿ ನೋಡುವ ಪ್ರಮೇಯವೇ ಬರಲಿಲ್ಲ. ಮುಂದೆ ಗಮನಿಸಿದರೆ ಹಕ್ಕಿಯನ್ನೂ ಅವರು ಪಾ-ಹ-ರೊ ಎನ್ನದೆ ಪ-ಹಾ-ರೊ ಎನ್ನುತ್ತಾರೆ. ಅಧ್ಯಾಪಕಿಯನ್ನು ಕೇಳಿದಾಗ, ಅರಗಾನಿನ ಹಳ್ಳಿ ಮಾತಿಗೆ ಎಸ್ದ್ರೂಹುಲಾ ಎಂದರೆ ಆಗದು, ಕೈಗೆ ಸಿಕ್ಕಿದ್ದನ್ನೆಲ್ಲ ಯಾನಾ ಮಾಡಿಬಿಡುತ್ತದೆ, ಇದು ಹಳೆಯ ಸಂಗತಿ ಎಂದರು. ಅಕಾಡೆಮಿಯ ಪುಸ್ತಕ ಓದಿದವನಿಗೆ ಅದು ತಪ್ಪೆಂದು ಕಾಣಬಹುದು. ನನಗೆ ಮಾತ್ರ ಸ್ಪೇನಿನಲ್ಲಿ ಕೇಳಿದ ಅತ್ಯಂತ ಸ್ಪಷ್ಟವಾದ ಒತ್ತು ಆ ಲಿಫ್ಟಿನದೇ.

ಅವರೇ ನನ್ನನ್ನು ಮುಂದಿನ ಹಂತಕ್ಕೂ ತಳ್ಳಿದರು. ಅಕ್ಟೋಬರ್ 12ರ ಪಿಲಾರ್ ಹಬ್ಬದ ದಿನಗಳಲ್ಲಿ ಊರಿನಲ್ಲಿ ಎಲ್ಲೆಲ್ಲೂ ಹೋತಾ ಹಾಡು, ಕುಣಿತ. ಹೋತಾದ ಪದ್ಯಕ್ಕೆ ನಾಲ್ಕು ಸಾಲು, ಸಾಲಿಗೆ ಎಂಟು ತುಂಡು. ಎಣಿಸಲು ಕೂತೆ, ಲೆಕ್ಕ ಎಂಟಕ್ಕೆ ಬರಲಿಲ್ಲ. ಪದ್ಯದಲ್ಲಿ ಒಂದು ಪದದ ಕೊನೆಯ ಸ್ವರವೂ ಮುಂದಿನ ಪದದ ಮೊದಲ ಸ್ವರವೂ ಬೆಸೆದು ಒಂದೇ ತುಂಡಾಗುತ್ತವೆ. ‘ತೆರೆದ ಮನೆ’ ಎನ್ನಲು ಕಾ-ಸ ಅ-ಬ್ಯೇರ್-ತ ಎಂಬ ಐದು ತುಂಡುಗಳು ನಾಲ್ಕಾಗುತ್ತವೆ. ಸಾಲದ್ದಕ್ಕೆ ಸಾಲಿನ ಕೊನೆಯ ಪದ ಅಗುದಾ ಆದರೆ ಲೆಕ್ಕಕ್ಕೆ ಒಂದು ಕೂಡಿಸಬೇಕು, ಎಸ್ದ್ರೂಹುಲಾ ಆದರೆ ಒಂದು ಕಳೆಯಬೇಕು, ಯಾನಾ ಆದರೆ ಇದ್ದಂತೆ. ಬಾಯಲ್ಲಿ ಏಳು ತುಂಡಿರುವ ಸಾಲು ಹೀಗೆ ನ್ಯಾಯವಾಗಿ ಎಂಟಾಗಿಬಿಡುತ್ತದೆ. ಪಾದಾಂತ್ಯದ ಲಘುವನ್ನು ಬೇಕಾದಾಗ ಗುರುವೆಂದು ಎಣಿಸಿಕೊಂಡು ಬೆಳೆದ ನನಗೆ ಇದನ್ನು ಒಪ್ಪುವುದು ಕಷ್ಟವಾಗಲಿಲ್ಲ. ಹಿರಿಯರು ಹೇಳಿದ ಪದ್ಯಗಳನ್ನು ಬರೆದುಕೊಂಡು ಕಡ್ಡಿಗೀರು ಹಾಕಿ ಎಣಿಸುತ್ತಿದ್ದೇನೆ. ಒಂದು ಕೂಡಿಸುವ ಸಾಲುಗಳು ಬೇಕಾದಷ್ಟು ಸಿಕ್ಕಿವೆ. ಒಂದು ಕಳೆಯುವ, ಎಸ್ದ್ರೂಹುಲಾದಲ್ಲಿ ಮುಗಿಯುವ ಸಾಲು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಅವರ ಬಾಯಿಂದ ಅದು ಬರುವ ಭರವಸೆಯೂ ನನಗಿಲ್ಲ.